ರಸಾಯನಶಾಸ್ತ್ರ ಪರೀಕ್ಷೆಗೆ ಕೂಡಿ ಓದುವವರ ಪ್ರಶ್ನೆಗಳು

ಪ್ರೌಢಶಾಲೆಯ ಕೊನೆಯ ವರ್ಷಗಳಲ್ಲಿ ಉನ್ನತ ಮಟ್ಟದ ರಸಾಯನಶಾಸ್ತ್ರ ಪರೀಕ್ಷೆ ತೆಗೆದುಕೊಂಡು, ಗೆಳೆಯರ ಜೊತೆ ಕೂತು ತಯಾರಿ ನಡೆಸಿರುವ ಓದುಗರಿಂದ ಹಲವು ಪ್ರಶ್ನೆಗಳು ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ. ಬೇರೆ ಹೇಳದಿದ್ದರೆ ಲೆಕ್ಕಗಳೆಲ್ಲ 25 ಡಿಗ್ರಿ ಸೆಲ್ಸಿಯಸ್‌ನವು.

ಪ್ರಶ್ನೆ: ನಾವು ನಾಲ್ವರು ಕೂಡಿ ಓದುತ್ತೇವೆ. ಜೊತೆಗಿದ್ದಾಗ ಎಲ್ಲ ಅರ್ಥವಾದಂತೆ ಅನಿಸುತ್ತದೆ. ಒಬ್ಬರೇ ಪ್ರಶ್ನೆಪತ್ರಿಕೆ ಹಿಡಿದು ಕೂತರೆ ಮೊದಲ ಸಾಲೇ ಹೊಳೆಯುವುದಿಲ್ಲ. ಕೂಡಿ ಓದುವುದನ್ನೇ ಬಿಡಬೇಕೆ?

ಉತ್ತರ: ಬಿಡಬೇಡಿ, ಕೂತಾಗ ಮಾಡುವ ಕೆಲಸವನ್ನು ಬದಲಿಸಿ. ಒಬ್ಬರು ಲೆಕ್ಕ ಬಿಡಿಸುತ್ತ ಹೋಗಿ ಉಳಿದವರು ನೋಡುತ್ತ ಕೂತರೆ ಪ್ರತಿ ಸಾಲೂ ಸರಿಯೆನಿಸುತ್ತದೆ. ಬರೆದದ್ದನ್ನು ಹಿಂಬಾಲಿಸುವುದು ಸುಲಭ. ಪರೀಕ್ಷೆಯಲ್ಲಿ ಕಷ್ಟವಾಗುವುದು ಅದಕ್ಕೂ ಮುಂಚಿನ ಹೆಜ್ಜೆ: ಇದು ಬಫರ್ (ಪಿಎಚ್ ಹೆಚ್ಚು ಬದಲಾಗದಂತೆ ತಡೆಯುವ ದ್ರಾವಣ) ಲೆಕ್ಕವೋ, ಲಿಮಿಟಿಂಗ್ ರಿಯೇಜೆಂಟ್ (ಮೊದಲು ಮುಗಿಯುವ ವಸ್ತು) ಲೆಕ್ಕವೋ, ಮೊದಲು ಮೋಲ್ ಕಂಡುಹಿಡಿಯಬೇಕೋ, ನೇರವಾಗಿ ಸಮತೋಲನ ಸ್ಥಿರಾಂಕಕ್ಕೆ ಹೋಗಬೇಕೋ ಎಂದು ತೀರ್ಮಾನಿಸುವುದು. ಆ ತೀರ್ಮಾನ ನಿಮ್ಮ ಗುಂಪಿನಲ್ಲಿ ಒಬ್ಬರ ತಲೆಯಲ್ಲಷ್ಟೇ ನಡೆಯುತ್ತಿದೆ.

ಒಂದೂವರೆ ಗಂಟೆ ಸಿಕ್ಕರೆ ಹೀಗೆ ಹಂಚಿಕೊಳ್ಳಿ. ಮೊದಲ 35 ನಿಮಿಷ ಯಾರೂ ಮಾತಾಡುವಂತಿಲ್ಲ. ಎಲ್ಲರೂ ಅದೇ ನಾಲ್ಕು ಪ್ರಶ್ನೆಗಳನ್ನು ತಮ್ಮ ತಮ್ಮ ಹಾಳೆಯಲ್ಲಿ ಬಿಡಿಸಬೇಕು. ಪರೀಕ್ಷೆಯಲ್ಲಿ ಕೊಡುವ ಸೂತ್ರಗಳ ಹಾಳೆ, ಆವರ್ತಕ ಕೋಷ್ಟಕ, ಕ್ಯಾಲ್ಕುಲೇಟರ್ ಬಿಟ್ಟರೆ ಮೇಜಿನ ಮೇಲೆ ಬೇರೇನೂ ಬೇಡ. ನಂತರದ 40 ನಿಮಿಷ ಹೋಲಿಕೆಗೆ. ಉತ್ತರ ಎಷ್ಟು ಬಂತು ಎಂದು ಕೇಳಬೇಡಿ. ಪ್ರತಿಯೊಬ್ಬರೂ ಬರೆದ ಮೊದಲ ಸಾಲನ್ನು ಓದಿ, ಅದನ್ನೇ ಏಕೆ ಬರೆದೆ ಎಂದು ಹೇಳಲಿ. ನಾಲ್ವರ ಹಾದಿ ಎಲ್ಲಿ ಕವಲೊಡೆಯಿತು ಎಂಬುದು ಅಲ್ಲೇ ಗೊತ್ತಾಗುತ್ತದೆ, ಚರ್ಚೆ ಅಲ್ಲಿಂದ ಶುರುವಾಗಲಿ. ಕೊನೆಯ 15 ನಿಮಿಷದಲ್ಲಿ, ತಪ್ಪಿದವರು ಹಳೆಯ ಹಾಳೆ ತಿರುವಿಹಾಕಿ ಆ ಲೆಕ್ಕವನ್ನು ಮೊದಲಿಂದ ಮತ್ತೆ ಬರೆಯಬೇಕು. ಸರಿ ಮಾಡಿದವರು ಅಷ್ಟರಲ್ಲಿ ಅದೇ ಲೆಕ್ಕಕ್ಕೆ ಅಂಕಿ ಬದಲಿಸಿ ಇನ್ನೊಂದನ್ನು ತಯಾರಿಸಲಿ; ಎರಡು ದಿನ ಬಿಟ್ಟು ಕೂತಾಗ ಮೌನದ ಸಮಯಕ್ಕೆ ಅದು ಬೇಕಾಗುತ್ತದೆ.

ಒಂದು ದಿನವೆಲ್ಲ ಬಫರ್, ಇನ್ನೊಂದು ದಿನವೆಲ್ಲ ವಿದ್ಯುತ್ ರಸಾಯನ ಎಂದು ಪಾಠವಾರು ಹಂಚಬೇಡಿ. ಪಾಠದ ಹೆಸರು ಗೊತ್ತಿದ್ದರೆ ವಿಧಾನವೂ ಗೊತ್ತಾದಂತೆಯೇ, ಮೊದಲ ಸಾಲಿನ ತೀರ್ಮಾನಕ್ಕೆ ಕೆಲಸವೇ ಉಳಿಯುವುದಿಲ್ಲ. ನಾಲ್ಕು ಪ್ರಶ್ನೆ ನಾಲ್ಕು ಪಾಠದಿಂದ ಬರಲಿ. ಇನ್ನು ಗುಂಪಿನ ಗಾತ್ರ: ಮೂವರು ಅಥವಾ ನಾಲ್ವರು ಸಾಕು. ಐವರು ದಾಟಿದರೆ ಎಲ್ಲರ ಹಾಳೆ ನೋಡುವಷ್ಟರಲ್ಲಿ ಸಮಯ ಮುಗಿದು, ಒಬ್ಬಿಬ್ಬರು ತೋರಿಸದೆಯೇ ಎದ್ದುಹೋಗುತ್ತಾರೆ.

ಪ್ರಶ್ನೆ: ನಮ್ಮಲ್ಲಿ ಒಬ್ಬಳು ಎಲ್ಲದರಲ್ಲೂ ಮುಂದು, ಒಬ್ಬ ತೀರ ಹಿಂದು. ಇಬ್ಬರಿಗೂ ಗುಂಪಿನಿಂದ ಪ್ರಯೋಜನ ಆಗುವಂತೆ ಮಾಡಲು ಸಾಧ್ಯವೆ?

ಉತ್ತರ: ಮುಂದಿರುವವರಿಗೆ ಪಾಠ ಹೇಳುವ ಕೆಲಸ ಕೊಡಬೇಡಿ, ಅಂಕ ಹಾಕುವ ಕೆಲಸ ಕೊಡಿ. ಉತ್ತರಸೂಚಿ ಇಟ್ಟುಕೊಂಡು ಇತರರ ಹಾಳೆಯಲ್ಲಿ ಯಾವ ಸಾಲಿಗೆ ಅಂಕ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂದು ಗುರುತಿಸುವುದು ಅವರಿಗೂ ಹೊಸ ಅಭ್ಯಾಸ. ತಲೆಯಲ್ಲೇ ಲೆಕ್ಕ ಮುಗಿಸಿ ಹೆಜ್ಜೆ ಬರೆಯದೆ ಅಂಕ ಕಳೆದುಕೊಳ್ಳುವವರು ಹೆಚ್ಚಾಗಿ ಇಂಥವರೇ. ಮಾತಾಡಬೇಕಾದಾಗ ಅವರಿಗೆ ಒಂದು ಪ್ರಶ್ನೆ ಸಾಕು: "ಈ ಸಾಲು ಎಲ್ಲಿಂದ ಬಂತು?"

ಹಿಂದಿರುವವರು ಸಮತೋಲನದಲ್ಲೋ ಉಷ್ಣ ರಸಾಯನದಲ್ಲೋ ಎಡವುತ್ತಿದ್ದಾರೆ ಎಂದು ಕಂಡರೂ ಬೇರು ಹೆಚ್ಚಾಗಿ ಮೋಲ್ ಲೆಕ್ಕದಲ್ಲಿರುತ್ತದೆ. ಹೀಗೆ ಪರೀಕ್ಷಿಸಿ ನೋಡಿ. 5.40 ಗ್ರಾಂ ಅಲ್ಯೂಮಿನಿಯಂ, 14.2 ಗ್ರಾಂ ಕ್ಲೋರಿನ್ ಅನಿಲ ಸೇರಿ ಅಲ್ಯೂಮಿನಿಯಂ ಕ್ಲೋರೈಡ್ ಆಗುತ್ತದೆ. ಎಷ್ಟು ಗ್ರಾಂ ಸಿಗುತ್ತದೆ, ಏನು ಎಷ್ಟು ಉಳಿಯುತ್ತದೆ? ಎರಡೂ ತಲಾ 0.200 ಮೋಲ್ ಇವೆ. "ಸಮ ಇವೆ, ಎರಡೂ ಮುಗಿದುಹೋಗುತ್ತವೆ" ಎಂದವರಿಗೆ ಸಮೀಕರಣದ ಗುಣಾಂಕಗಳ ಅರ್ಥ ಇನ್ನೂ ಆಗಿಲ್ಲ. 2 ಅಲ್ಯೂಮಿನಿಯಂಗೆ 3 ಕ್ಲೋರಿನ್ ಅಣು ಬೇಕು, 0.200 ಮೋಲ್ ಅಲ್ಯೂಮಿನಿಯಂಗೆ 0.300 ಮೋಲ್ ಕ್ಲೋರಿನ್ ಬೇಕಿತ್ತು, ಇರುವುದು 0.200. ಆದ್ದರಿಂದ ಮೊದಲು ಮುಗಿಯುವುದು ಕ್ಲೋರಿನ್. 17.8 ಗ್ರಾಂ ಕ್ಲೋರೈಡ್ ಸಿಕ್ಕಿ 1.8 ಗ್ರಾಂ ಅಲ್ಯೂಮಿನಿಯಂ ಉಳಿಯುತ್ತದೆ. ಎರಡನ್ನೂ ಕೂಡಿದರೆ 19.6, ಹಾಕಿದ ಒಟ್ಟು ತೂಕವೂ ಅಷ್ಟೇ. ಕ್ಲೋರಿನ್‌ಗೆ 71.0ರ ಬದಲು 35.5 ಬಳಸಿದವರಿದ್ದರೆ ಅದು ಬೇರೆಯೇ ತೊಂದರೆ: ಅನಿಲ ಎರಡು ಪರಮಾಣುಗಳ ಅಣುವಾಗಿರುತ್ತದೆ ಎಂಬುದು ಮರೆತಿದೆ. ಇಂಥ ಲೆಕ್ಕ ಐದು ನಿಮಿಷದೊಳಗೆ ಸಲೀಸಾಗಿ ಬರುವವರೆಗೆ ಆ ಗೆಳೆಯನಿಗೆ ಸಮತೋಲನದ ಲೆಕ್ಕ ಕೊಟ್ಟು ಪ್ರಯೋಜನವಿಲ್ಲ.

ಪ್ರಶ್ನೆ: ದುರ್ಬಲ ಆಮ್ಲದ ಪಿಎಚ್ ಲೆಕ್ಕದಲ್ಲಿ ಕೆಳಗಿನ ಎಕ್ಸ್ ಅನ್ನು (ಛೇದದಲ್ಲಿ ಕಳೆಯುವ, ಒಡೆದ ಆಮ್ಲದ ಸಾರತೆ, ಅಂದರೆ ಲೀಟರಿಗೆ ಎಷ್ಟು ಮೋಲ್ ಎಂಬುದು) ಕೆಲವರು ಬಿಟ್ಟುಬಿಡುತ್ತಾರೆ, ಕೆಲವರು ವರ್ಗ ಸಮೀಕರಣ ಬಿಡಿಸುತ್ತಾರೆ. ಯಾವಾಗ ಯಾವುದು?

ಉತ್ತರ: ಮೊದಲು ಬಿಟ್ಟು ನೋಡಿ, ಆಮೇಲೆ ಬಿಟ್ಟದ್ದು ಸರಿಯೇ ಎಂದು ಪರೀಕ್ಷಿಸಿ. ಈ ಎರಡನೆಯ ಹೆಜ್ಜೆಯನ್ನು ಹಾಳೆಯ ಮೇಲೆ ಬರೆಯಬೇಕು.

0.10 ಮೋಲಾರ್ ಅಸಿಟಿಕ್ ಆಮ್ಲ ತೆಗೆದುಕೊಳ್ಳಿ, ಅದರ ಕೆಎ (ಆಮ್ಲ ಒಡೆಯುವ ಸಮತೋಲನ ಸ್ಥಿರಾಂಕ) 1.8 × 10⁻⁵. ಐಸ್ ಟೇಬಲ್ (ಆರಂಭ, ಬದಲಾವಣೆ, ಸಮತೋಲನದ ಸಾರತೆಗಳ ಪಟ್ಟಿ) ಹಾಕಿ ಕೆಳಗಿನ ಎಕ್ಸ್ ಬಿಟ್ಟರೆ ಎಕ್ಸ್‌ನ ವರ್ಗ 1.8 × 10⁻⁶, ಎಕ್ಸ್ 1.34 × 10⁻³, ಪಿಎಚ್ 2.87. ಈಗ ಪರೀಕ್ಷೆ: 1.34 × 10⁻³ ಎಂಬುದು 0.10ರಲ್ಲಿ ಶೇ. 1.3. ಶೇ. 5ರೊಳಗಿದೆ, ಸರಿ. ಅದೇ ಆಮ್ಲವನ್ನು 0.0010 ಮೋಲಾರ್‌ಗೆ ತೆಳುಮಾಡಿ. ಬಿಟ್ಟು ಲೆಕ್ಕ ಹಾಕಿದರೆ ಎಕ್ಸ್ 1.34 × 10⁻⁴ ಬರುತ್ತದೆ, ಅದು ಶೇ. 13. ಇಲ್ಲಿ ಬಿಡುವಂತಿಲ್ಲ. ವರ್ಗ ಸಮೀಕರಣದಿಂದ 1.25 × 10⁻⁴ ಬಂದು ಪಿಎಚ್ 3.90 ಆಗುತ್ತದೆ, ಬಿಟ್ಟವರಿಗೆ 3.87. ಆಮ್ಲ ತೆಳುವಾದಷ್ಟೂ ಅದರ ಹೆಚ್ಚು ಪಾಲು ಒಡೆಯುತ್ತದೆ ಎಂಬ ಮಾತೂ ಈ ಎರಡು ಲೆಕ್ಕಗಳಿಂದ ತಾನಾಗಿ ಹೊರಬರುತ್ತದೆ. ಅದನ್ನು ಪ್ರತ್ಯೇಕ ಬಾಯಿಪಾಠ ಮಾಡಬೇಕಿಲ್ಲ.

ಇದೇ ಲೆಕ್ಕದಲ್ಲಿ ಗುಂಪಿನೊಳಗೆ ಜಗಳಕ್ಕೆ ಕಾರಣವಾಗುವ ಇನ್ನೊಂದು ಅಂಶವಿದೆ. ಎಕ್ಸ್ ಅನ್ನು ಮಧ್ಯದಲ್ಲೇ 1.3 × 10⁻³ ಎಂದು ದುಂಡಗೆ ಮಾಡಿದವರಿಗೆ ಪಿಎಚ್ 2.89 ಬರುತ್ತದೆ. ವಿಧಾನ ಇಬ್ಬರದೂ ಸರಿ. ದುಂಡಗೆ ಮಾಡುವುದನ್ನು ಕೊನೆಯ ಸಾಲಿಗೆ ಇಟ್ಟುಕೊಳ್ಳಬೇಕಿತ್ತು, ಅಷ್ಟೇ. ಪಿಎಚ್‌ನಲ್ಲಿ ಚುಕ್ಕಿಯ ನಂತರದ ಅಂಕಿಗಳು ಮಾತ್ರ ಸಾರ್ಥಕ ಅಂಕಿಗಳು. ಸಾರತೆಗೆ ಎರಡು ಸಾರ್ಥಕ ಅಂಕಿ ಇದ್ದರೆ ಪಿಎಚ್ 2.87 ಎಂದು ಬರೆಯಬೇಕು. 2.9 ಎಂದರೂ ತಪ್ಪು, 2.873 ಎಂದರೂ ತಪ್ಪು.

ಪ್ರಶ್ನೆ: ಟೈಟ್ರೇಶನ್ ವಕ್ರರೇಖೆಯಲ್ಲಿ ಎಲ್ಲಿ ಯಾವ ಸೂತ್ರ ಹಾಕಬೇಕೆಂದು ಪ್ರತಿ ಸಲ ಗೊಂದಲ. ಯಾವ ಸೂಚಕ ಎಂಬುದೂ ಬಾಯಿಪಾಠವೇ ಆಗಿದೆ.

ಉತ್ತರ: ಸೂತ್ರ ನೆನೆಯುವ ಮೊದಲು ಎರಡು ಸಾಲು ಬರೆಯುವ ಅಭ್ಯಾಸ ಮಾಡಿ: ಕ್ರಿಯೆಗೆ ಮುಂಚೆ ಯಾವುದು ಎಷ್ಟು ಮಿಲಿಮೋಲ್, ಕ್ರಿಯೆ ಮುಗಿದ ಮೇಲೆ ಯಾವುದು ಎಷ್ಟು. ಬಲವಾದ ಪ್ರತ್ಯಾಮ್ಲ ಮೊದಲು ಸಂಪೂರ್ಣ ವರ್ತಿಸುತ್ತದೆ. ಸಮತೋಲನದ ವಿಚಾರ ಬರುವುದು ಅದು ಮುಗಿದ ಮೇಲೆ. ಈ ಕ್ರಮ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

25.0 ಮಿ.ಲೀ. 0.100 ಮೋಲಾರ್ ಅಸಿಟಿಕ್ ಆಮ್ಲಕ್ಕೆ ಬ್ಯುರೆಟ್‌ನಿಂದ 0.100 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಬಿಡುತ್ತಿದ್ದೀರಿ. ಆಮ್ಲ 2.50 ಮಿಲಿಮೋಲ್. ಏನೂ ಬಿಡದಿದ್ದಾಗ ಉಳಿದಿರುವುದು ಬರಿ ಆಮ್ಲ, ಮೇಲಿನ ಪ್ರಶ್ನೆಯ ಲೆಕ್ಕ, 2.87. 12.5 ಮಿ.ಲೀ. ಬಿಟ್ಟಾಗ ಆಮ್ಲ 1.25, ಅಸಿಟೇಟ್ 1.25, ಎರಡೂ ಸಮ ಇರುವುದರಿಂದ ಪಿಎಚ್ ಮತ್ತು ಪಿಕೆಎ (ಕೆಎಯ ಲಾಗ್‌ಗೆ ಋಣಚಿಹ್ನೆ ಹಾಕಿದ್ದು) ಒಂದೇ, 4.74. ಇದೇ ಅರ್ಧ ಬಿಂದು, ರೇಖೆಯಿಂದ ಕೆಎ ಓದಿಕೊಳ್ಳುವುದು ಇಲ್ಲಿಂದ. 25.0 ಮಿ.ಲೀ.ಗೆ ಆಮ್ಲ ಸೊನ್ನೆ, ಉಳಿದದ್ದು 2.50 ಮಿಲಿಮೋಲ್ ಅಸಿಟೇಟ್, ಆದರೆ ಈಗ ಒಟ್ಟು ದ್ರಾವಣ 50.0 ಮಿ.ಲೀ. ಸಾರತೆ 0.0500. ಗಾತ್ರ ಇಮ್ಮಡಿಯಾದುದನ್ನು ಮರೆತು 0.100 ಹಾಕುವುದು ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಅಸಿಟೇಟ್ ದುರ್ಬಲ ಪ್ರತ್ಯಾಮ್ಲ, ಕೆಬಿ (ಪ್ರತ್ಯಾಮ್ಲದ ಸಮತೋಲನ ಸ್ಥಿರಾಂಕ) 5.6 × 10⁻¹⁰; ಹೈಡ್ರಾಕ್ಸೈಡ್ 5.3 × 10⁻⁶ ಬಂದು ಪಿಎಚ್ 8.72. ಈಕ್ವಿವಲೆನ್ಸ್ ಬಿಂದು (ಆಮ್ಲವೆಲ್ಲ ಸರಿಯಾಗಿ ವರ್ತಿಸಿ ಮುಗಿಯುವ ಬಿಂದು) ಎಂದರೆ ಪಿಎಚ್ 7 ಎಂದು ನಂಬಿದವರು ಇಲ್ಲಿ ನಿಂತು ಯೋಚಿಸಬೇಕು: ಪಾತ್ರೆಯಲ್ಲಿ ಈಗ ಏನಿದೆಯೋ ಅದರ ಗುಣವೇ ಪಿಎಚ್ ಅನ್ನು ತೀರ್ಮಾನಿಸುತ್ತದೆ. 25.0 ದಾಟಿದ ಮೇಲೆ ಹೆಚ್ಚುವರಿ ಹೈಡ್ರಾಕ್ಸೈಡ್‌ನ ಮಿಲಿಮೋಲ್ ಅನ್ನು ಒಟ್ಟು ಗಾತ್ರದಿಂದ ಭಾಗಿಸಿದರೆ ಆಯಿತು, ಅಸಿಟೇಟ್ ಲೆಕ್ಕಕ್ಕೆ ಬೇಡ.

ಸೂಚಕದ ಉತ್ತರ ಈ ಅಂಕಿಗಳಲ್ಲೇ ಇದೆ. ಫಿನಾಫ್ತಲೀನ್ ಸುಮಾರು 8.2ರಿಂದ 10ರೊಳಗೆ ಬಣ್ಣ ತಿರುಗುತ್ತದೆ, 8.72 ಅದರೊಳಗೆ ಬೀಳುತ್ತದೆ. ಮೀಥೈಲ್ ಆರೆಂಜ್ ತಿರುಗುವುದು 3.1ರಿಂದ 4.4ರೊಳಗೆ, ಈ ಟೈಟ್ರೇಶನ್‌ನಲ್ಲಿ ಸುಮಾರು 8 ಮಿ.ಲೀ. ಬಿಡುವಷ್ಟರಲ್ಲೇ ಅದರ ಬದಲಾವಣೆ ಮುಗಿದಿರುತ್ತದೆ. ಬೇಕಿದ್ದದ್ದು 25. "ದುರ್ಬಲ ಆಮ್ಲಕ್ಕೆ ಫಿನಾಫ್ತಲೀನ್" ಎಂಬ ವಾಕ್ಯಕ್ಕಿಂತ ಈ 8 ಮಿ.ಲೀ. ಲೆಕ್ಕವನ್ನು ಒಮ್ಮೆ ಹಾಕಿದವರಿಗೆ ವಿಷಯ ಮರೆಯುವುದಿಲ್ಲ.

ಬಫರ್‌ಗೆ ಬಲವಾದ ಆಮ್ಲ ಸೇರಿಸುವ ಲೆಕ್ಕವೂ ಇದೇ ದಾರಿ. ತಲಾ 10.0 ಮಿಲಿಮೋಲ್ ಆಮ್ಲ ಮತ್ತು ಅಸಿಟೇಟ್ ಇರುವ ದ್ರಾವಣಕ್ಕೆ 1.0 ಮಿಲಿಮೋಲ್ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ಅಸಿಟೇಟ್ 9.0, ಆಮ್ಲ 11.0. ಪಿಎಚ್ 4.74ರಿಂದ 4.66ಕ್ಕೆ ಇಳಿಯುತ್ತದೆ. ಎರಡೂ ಒಂದೇ ಪಾತ್ರೆಯಲ್ಲಿರುವುದರಿಂದ ಅನುಪಾತದಲ್ಲಿ ಗಾತ್ರ ಹೊಡೆದುಹೋಗುತ್ತದೆ, ಸಾರತೆ ಕಂಡುಹಿಡಿಯುವ ಶ್ರಮವೇ ಬೇಡ.

ಪ್ರಶ್ನೆ: ಪ್ರಯೋಗದ ತಪ್ಪಿನಿಂದ ಉತ್ತರ ಹೆಚ್ಚು ಬರುತ್ತದೋ ಕಡಿಮೆ ಬರುತ್ತದೋ ಎಂದು ಕೇಳುವ ಪ್ರಶ್ನೆಗಳಿಗೆ ನಾವೆಲ್ಲ ಊಹೆಯಿಂದ ಬರೆಯುತ್ತೇವೆ. ಇದಕ್ಕೆ ಗುಂಪಿನಲ್ಲಿ ಅಭ್ಯಾಸ ಮಾಡುವ ದಾರಿ ಇದೆಯೆ?

ಉತ್ತರ: ಇದೆ, ಗುಂಪಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಚೀಟಿಗಳ ಮೇಲೆ ಒಂದೊಂದು ತಪ್ಪು ಬರೆದು ಮಡಚಿಡಿ. ಒಬ್ಬೊಬ್ಬರೂ ಒಂದು ಎತ್ತಿ ಮೂರು ನಿಮಿಷದಲ್ಲಿ ಮೂರು ವಾಕ್ಯ ಬರೆಯಬೇಕು: ಯಾವ ಅಳತೆ ಕೆಟ್ಟಿತು ಮತ್ತು ಯಾವ ದಿಕ್ಕಿಗೆ, ಆ ಅಳತೆ ಸೂತ್ರದಲ್ಲಿ ಮೇಲಿದೆಯೋ ಕೆಳಗಿದೆಯೋ, ಆದ್ದರಿಂದ ಕೊನೆಯ ಉತ್ತರ ಹೆಚ್ಚೋ ಕಡಿಮೆಯೋ. ಉಳಿದವರು ಮಧ್ಯದ ವಾಕ್ಯವನ್ನೇ ಹಿಡಿದು ಪ್ರಶ್ನಿಸಲಿ. ಊಹೆ ಮಾಡಿದವರಿಗೆ ಆ ವಾಕ್ಯ ಬರೆಯಲು ಬರುವುದಿಲ್ಲ.

ಮೇಲಿನ ಟೈಟ್ರೇಶನ್‌ನಲ್ಲಿ ಆಮ್ಲದ ಸಾರತೆ ಕಂಡುಹಿಡಿಯಬೇಕು ಎಂದುಕೊಳ್ಳಿ: ಪ್ರತ್ಯಾಮ್ಲದ ಸಾರತೆಯನ್ನು ಬಿಟ್ಟ ಗಾತ್ರದಿಂದ ಗುಣಿಸಿ ಆಮ್ಲದ ಗಾತ್ರದಿಂದ ಭಾಗಿಸುತ್ತೇವೆ. ಬ್ಯುರೆಟ್ ಅನ್ನು ನೀರಿನಿಂದ ಮಾತ್ರ ತೊಳೆದು, ತುಂಬಬೇಕಾದ ದ್ರಾವಣದಿಂದ ಮತ್ತೆ ತೊಳೆಯದಿದ್ದರೆ ಒಳಗೆ ಉಳಿದ ನೀರು ಪ್ರತ್ಯಾಮ್ಲವನ್ನು ತೆಳುಮಾಡುತ್ತದೆ. ಹೆಚ್ಚು ಗಾತ್ರ ಬೇಕಾಗುತ್ತದೆ, ಗಾತ್ರ ಮೇಲಿದೆ, ಉತ್ತರ ಹೆಚ್ಚು. ಬ್ಯುರೆಟ್‌ನ ತುದಿಯಲ್ಲಿ ಗಾಳಿಗುಳ್ಳೆ ಇದ್ದು ನಡುವೆ ಹೊರಟುಹೋದರೂ ಹೆಚ್ಚು, ಏಕೆಂದರೆ ಆ ಜಾಗ ತುಂಬಿದ ದ್ರಾವಣ ಪಾತ್ರೆಗೆ ಬಿದ್ದಿಲ್ಲ, ಆದರೂ ಓದಿಕೆಯಲ್ಲಿ ಸೇರಿದೆ. ಪಿಪೆಟ್ ಅನ್ನು ನೀರಿನಿಂದ ಮಾತ್ರ ತೊಳೆದಿದ್ದರೆ ಪಾತ್ರೆಗೆ ಬಿದ್ದ ಆಮ್ಲವೇ ಕಡಿಮೆ, ಉತ್ತರ ಕಡಿಮೆ. ಕೋನಾಕಾರದ ಪಾತ್ರೆಯಲ್ಲೇ ಮೊದಲಿಂದ ನೀರು ಇದ್ದರೆ? ಏನೂ ಆಗುವುದಿಲ್ಲ. ಆಮ್ಲದ ಮೋಲ್‌ಗಳು ಅಷ್ಟೇ ಇವೆ. ಈ ಕೊನೆಯದಕ್ಕೆ ಹೆಚ್ಚಿನವರು "ಕಡಿಮೆ" ಎಂದು ಬರೆಯುತ್ತಾರೆ, ಚೀಟಿಗಳಲ್ಲಿ ಇದು ಖಂಡಿತ ಇರಲಿ.

ಸ್ಫಟಿಕಜಲದ (ಲವಣದ ಹರಳಿನೊಳಗೆ ಸೇರಿರುವ ನೀರಿನ) ಪ್ರಯೋಗದಿಂದಲೂ ಚೀಟಿಗಳನ್ನು ಮಾಡಿ. ನೀಲಿ ತಾಮ್ರದ ಸಲ್ಫೇಟ್‌ನಲ್ಲಿ ನೀರು ತೂಕದ ಶೇ. 36.1. 2.50 ಗ್ರಾಂ ಕಾಯಿಸಿದಾಗ 1.60 ಗ್ರಾಂ ಉಳಿಯಬೇಕು. ನೀರಿಗೂ ಉಳಿದ ಸಲ್ಫೇಟಿಗೂ ಮೋಲ್ ಅನುಪಾತ 4.99, ಅಂದರೆ 5. ಪೂರ್ತಿ ಒಣಗುವ ಮುಂಚೆ ನಿಲ್ಲಿಸಿ 1.70 ಗ್ರಾಂ ಎಂದು ಬರೆದುಕೊಂಡವರಿಗೆ ಅನುಪಾತ 4.17 ಬರುತ್ತದೆ, ಅವರು ಧೈರ್ಯವಾಗಿ 4 ಎಂದು ಬರೆಯುತ್ತಾರೆ. 0.10 ಗ್ರಾಂ ವ್ಯತ್ಯಾಸ ಸೂತ್ರವನ್ನೇ ಬದಲಿಸಿಬಿಡುತ್ತದೆ. ಅದಕ್ಕೇ ಕಾಯಿಸಿ, ಆರಿಸಿ, ತೂಗಿ, ಮತ್ತೆ ಕಾಯಿಸಿ, ಎರಡು ತೂಕಗಳು ಹೊಂದುವವರೆಗೆ ಮಾಡಬೇಕು. ಬದಲಿಗೆ ಉರಿ ತೀರ ಜೋರಾಗಿ ಬಿಳಿ ಪುಡಿ ಕಪ್ಪಾಗತೊಡಗಿದರೆ ಸಲ್ಫೇಟೇ ಒಡೆದು ತಾಮ್ರದ ಆಕ್ಸೈಡ್ ಆಗುತ್ತಿದೆ. ಕಳೆದ ತೂಕವೆಲ್ಲ ನೀರೆಂದು ಎಣಿಸಿದರೆ ಉತ್ತರ ಹೆಚ್ಚು ಬರುತ್ತದೆ. ತೆರೆದ ಗಾಳಿಯಲ್ಲಿ ಆರಲು ಬಿಟ್ಟರೆ ಪುಡಿ ತೇವ ಹೀರಿಕೊಂಡು ಉತ್ತರ ಕಡಿಮೆಯಾಗುತ್ತದೆ. ಬಿಸಿಯಿರುವಾಗಲೇ ತೂಗಿದರೆ ಮೇಲೇಳುವ ಬಿಸಿಗಾಳಿಯಿಂದ ತಕ್ಕಡಿ ಕಡಿಮೆ ತೋರಿಸುತ್ತದೆ, ನೀರು ಹೆಚ್ಚೆಂದು ಕಾಣುತ್ತದೆ.

"ಮನುಷ್ಯ ಸಹಜ ತಪ್ಪು", "ಉಪಕರಣ ಸರಿ ಇರಲಿಲ್ಲ" ಎಂಬ ಉತ್ತರಗಳಿಗೆ ಅಂಕ ನಿರೀಕ್ಷಿಸಬೇಡಿ. ಯಾವ ಅಳತೆ, ಯಾವ ದಿಕ್ಕು ಎಂಬುದಿಲ್ಲದ ಉತ್ತರ ಉತ್ತರವಲ್ಲ. ಹಾಗೆಯೇ, ಈ ಅಭ್ಯಾಸ ಕಾಗದದ ಮೇಲೆಯೇ ಇರಲಿ. ನಿಜವಾದ ಆಮ್ಲ, ಪ್ರತ್ಯಾಮ್ಲ, ಉರಿ ಶಿಕ್ಷಕರಿರುವ ಪ್ರಯೋಗಾಲಯದಲ್ಲಿ ಮಾತ್ರ, ಕನ್ನಡಕ ಹಾಕಿಕೊಂಡು.

ಪ್ರಶ್ನೆ: ಕೋಶದ ವಿಭವ ಲೆಕ್ಕದಲ್ಲಿ ಸಮೀಕರಣವನ್ನು ಎರಡರಿಂದ ಗುಣಿಸಿದರೆ ವಿಭವವನ್ನೂ ಗುಣಿಸಬೇಕೆ? ಗುಂಪಿನಲ್ಲಿ ಎರಡು ಪಕ್ಷ ಆಗಿದೆ.

ಉತ್ತರ: ಗುಣಿಸಬಾರದು. ತಾಮ್ರ ಮತ್ತು ಬೆಳ್ಳಿಯ ಕೋಶದಲ್ಲಿ ಎಲೆಕ್ಟ್ರಾನ್ ಸಮ ಮಾಡಲು ಬೆಳ್ಳಿಯ ಅರ್ಧಕ್ರಿಯೆಯನ್ನು ಎರಡರಿಂದ ಗುಣಿಸುತ್ತೀರಿ, ಆದರೆ ಅದರ 0.80 ವೋಲ್ಟ್ ಹಾಗೇ ಇರುತ್ತದೆ. 0.80ರಿಂದ ತಾಮ್ರದ 0.34 ಕಳೆದರೆ 0.46 ವೋಲ್ಟ್. ಗುಣಿಸಿದವರಿಗೆ 1.26 ಬಂದಿರುತ್ತದೆ. ವೋಲ್ಟ್ ಎಂದರೆ ಒಂದು ಕೂಲಂಬ್ ಆವೇಶಕ್ಕೆ ಎಷ್ಟು ಜೂಲ್ ಎಂಬ ದರ. ವಸ್ತು ಹೆಚ್ಚಾದರೆ ಜೂಲೂ ಕೂಲಂಬೂ ಒಟ್ಟಿಗೆ ಹೆಚ್ಚುತ್ತವೆ, ದರ ಬದಲಾಗುವುದಿಲ್ಲ. ಬದಲಾಗುವುದು ಗಿಬ್ಸ್ ಶಕ್ತಿ. ಅಲ್ಲಿ ಎಲೆಕ್ಟ್ರಾನ್‌ಗಳ ಸಂಖ್ಯೆ 2, ಫ್ಯಾರಡೆ ಸ್ಥಿರಾಂಕ 96,485, ವಿಭವ 0.46 ಗುಣಿಸಿ ಋಣಚಿಹ್ನೆ ಹಾಕಿದರೆ ಸುಮಾರು −89 ಕಿಲೋಜೂಲ್.

ಪ್ರಶ್ನೆ: ಸುಣ್ಣಕಲ್ಲು ಒಡೆಯುವ ತಾಪಮಾನ ಲೆಕ್ಕ ಹಾಕಿದರೆ ನಮಗೆ 1.1 ಕೆಲ್ವಿನ್ ಬಂತು!

ಉತ್ತರ: ಎಂಥಾಲ್ಪಿ ಕಿಲೋಜೂಲ್‌ನಲ್ಲೂ ಎಂಟ್ರೊಪಿ ಜೂಲ್‌ನಲ್ಲೂ ಕೊಟ್ಟಿರುತ್ತಾರೆ, ನೀವು ಹಾಗೇ ಭಾಗಿಸಿದ್ದೀರಿ. ಎಂಥಾಲ್ಪಿಯ 178 ಕಿಲೋಜೂಲ್ ಅನ್ನು 1,78,000 ಜೂಲ್ ಮಾಡಿ ಎಂಟ್ರೊಪಿಯ 160.5ರಿಂದ ಭಾಗಿಸಿ: ಸುಮಾರು 1,110 ಕೆಲ್ವಿನ್. 25 ಡಿಗ್ರಿಯ ಬೆಲೆಗಳೇ ಆ ತಾಪಮಾನಕ್ಕೂ ಅನ್ವಯಿಸುತ್ತವೆ ಎಂದು ಭಾವಿಸಿದ್ದರಿಂದ ಇದು ಅಂದಾಜು. ನೀವು ಉತ್ತರ ನೋಡಿ ಅನುಮಾನಪಟ್ಟಿರಿ, ಆ ಅಭ್ಯಾಸ ಬಿಡಬೇಡಿ.

ಪ್ರಶ್ನೆ: ಕ್ರಿಯಾವೇಗದ ಕೋಷ್ಟಕದಲ್ಲಿ ಒಂದು ವಸ್ತುವಿನ ಸಾರತೆ ಮಾತ್ರ ಬದಲಾಗುವ ಎರಡು ಸಾಲು ಸಿಗದಿದ್ದರೆ?

ಉತ್ತರ: ಸಿಕ್ಕಿದ ಒಂದು ಜೋಡಿಯಿಂದ ಶುರುಮಾಡಿ. ಮೊದಲ ವಸ್ತು ಇಮ್ಮಡಿಯಾಗಿ ಎರಡನೆಯದು ಹಾಗೇ ಇದ್ದಾಗ ವೇಗ 4 ಪಟ್ಟು ಆದರೆ ಮೊದಲನೆಯದರ ಕ್ರಮ 2. ಇನ್ನೊಂದು ಜೋಡಿಯಲ್ಲಿ ಮೊದಲನೆಯದು 2 ಪಟ್ಟು, ಎರಡನೆಯದು 3 ಪಟ್ಟು, ವೇಗ 12 ಪಟ್ಟು. ಹನ್ನೆರಡರಲ್ಲಿ 4 ಪಟ್ಟು ಮೊದಲನೆಯದರಿಂದ ಎಂದು ಗೊತ್ತಿದೆ. ಉಳಿದ 3 ಪಟ್ಟು ಎರಡನೆಯದರಿಂದ, ಅದರ ಕ್ರಮ 1. ಸಮೀಕರಣದ ಗುಣಾಂಕಗಳನ್ನು ನೋಡಿ ಕ್ರಮ ಬರೆಯಬೇಡಿ; ಒಂದೇ ಹೆಜ್ಜೆಯಲ್ಲಿ ನಡೆಯುವ ಕ್ರಿಯೆಗೆ ಮಾತ್ರ ಅದು ಸಲ್ಲುತ್ತದೆ.

ಪ್ರಶ್ನೆ: ಲೆಕ್ಕಗಳಲ್ಲಿ ಪೂರ್ತಿ ಅಂಕ ಬರುತ್ತದೆ. "ಕಾರಣ ಕೊಡಿ" ಎಂದರೆ ಅರ್ಧವೂ ಬರುವುದಿಲ್ಲ. ಬರೆದದ್ದು ಸರಿಯೇ ಇರುತ್ತದಲ್ಲ?

ಉತ್ತರ: ಹೆಚ್ಚಾಗಿ ನಿಯಮದ ಹೆಸರು ಬರೆದಿರುತ್ತೀರಿ, ಕಾರಣ ಬರೆದಿರುವುದಿಲ್ಲ. ಮೆಗ್ನೀಸಿಯಂನ ಮೊದಲ ಅಯಾನೀಕರಣ ಶಕ್ತಿ 738 ಕಿಲೋಜೂಲ್, ಅದರ ಮುಂದಿನ ಅಲ್ಯೂಮಿನಿಯಂಗೆ 578. ಎಡದಿಂದ ಬಲಕ್ಕೆ ಹೆಚ್ಚಬೇಕಿತ್ತು, ಇಳಿದಿದೆ. "ಮೆಗ್ನೀಸಿಯಂ ಹೆಚ್ಚು ಸ್ಥಿರ" ಎಂಬುದು ಪ್ರಶ್ನೆಯನ್ನೇ ತಿರುಗಿಸಿ ಹೇಳಿದಂತೆ. ಅಂಕ ತರುವ ಉತ್ತರದಲ್ಲಿ ಎಲೆಕ್ಟ್ರಾನ್ ಎಲ್ಲಿಂದ ಹೊರಡುತ್ತದೆ ಎಂಬುದಿರಬೇಕು: ಅಲ್ಯೂಮಿನಿಯಂನಲ್ಲಿ 3ಪಿ ಉಪಕವಚದಿಂದ, ಮೆಗ್ನೀಸಿಯಂನಲ್ಲಿ 3ಎಸ್‌ನಿಂದ. 3ಪಿ ಎಲೆಕ್ಟ್ರಾನ್‌ನ ಶಕ್ತಿಮಟ್ಟ ಮೇಲಿದೆ, ಒಳಗಿನ ಎಲೆಕ್ಟ್ರಾನ್‌ಗಳು ಅದನ್ನು ನ್ಯೂಕ್ಲಿಯಸ್‌ನಿಂದ ಹೆಚ್ಚು ಮರೆಮಾಡುತ್ತವೆ, ಆಕರ್ಷಣೆ ಕಡಿಮೆ, ಆದ್ದರಿಂದ ಕೀಳಲು ಕಡಿಮೆ ಶಕ್ತಿ ಸಾಕು. ನೈಟ್ರೋಜನ್ 1,402, ಆಕ್ಸಿಜನ್ 1,314 ಎಂಬ ಜೋಡಿಗೂ ಹೀಗೇ: ಆಕ್ಸಿಜನ್‌ನಲ್ಲಿ ಒಂದು 2ಪಿ ಕಕ್ಷಕದಲ್ಲಿ ಎರಡು ಎಲೆಕ್ಟ್ರಾನ್ ಜೋಡಿಯಾಗಿವೆ, ಒಂದನ್ನೊಂದು ವಿಕರ್ಷಿಸುತ್ತವೆ, ಒಂದು ಸುಲಭವಾಗಿ ಹೊರಬರುತ್ತದೆ.

ಕುದಿಬಿಂದುವಿನ ಪ್ರಶ್ನೆಗಳಲ್ಲಿ ಕಾಣುವ ದೊಡ್ಡ ತಪ್ಪು, ಕುದಿಯುವಾಗ ಅಣುವಿನ ಒಳಗಿನ ಬಂಧ ಮುರಿಯುತ್ತದೆ ಎಂದು ಬರೆಯುವುದು. ಹೈಡ್ರೋಜನ್ ಕ್ಲೋರೈಡ್ −85, ಬ್ರೋಮೈಡ್ −67, ಅಯೊಡೈಡ್ −35 ಡಿಗ್ರಿಗೆ ಕುದಿಯುತ್ತವೆ. ಒಳಗಿನ ಬಂಧದ ಬಲ ಇದೇ ಸಾಲಿನಲ್ಲಿ ಕಡಿಮೆಯಾಗುತ್ತ ಹೋಗುತ್ತದೆ, ಕುದಿಬಿಂದು ಮಾತ್ರ ಏರುತ್ತದೆ. ಏರಿಸುವುದು ಅಣುಗಳ ನಡುವಿನ ಲಂಡನ್ ಬಲ: ಎಲೆಕ್ಟ್ರಾನ್ ಹೆಚ್ಚಾದಂತೆ ಎಲೆಕ್ಟ್ರಾನ್ ಮೋಡ ಸುಲಭವಾಗಿ ವಿರೂಪಗೊಳ್ಳುತ್ತದೆ. ಹೈಡ್ರೋಜನ್ ಫ್ಲೋರೈಡ್ ಮಾತ್ರ 19.5 ಡಿಗ್ರಿಯಲ್ಲಿ ನಿಂತಿರುವುದು ಹೈಡ್ರೋಜನ್ ಬಂಧದಿಂದ.

ಸಮತೋಲನದಲ್ಲಿ "ಲೆ ಶಾಟೆಲಿಯೇ ನಿಯಮದ ಪ್ರಕಾರ ಎಡಕ್ಕೆ" ಎಂದಷ್ಟೇ ಬರೆದು ನಿಲ್ಲಿಸಬೇಡಿ. ಕ್ಯೂ (ಈಗಿರುವ ಸಾರತೆಗಳ ಅನುಪಾತ) ಮತ್ತು ಕೆ (ಸಮತೋಲನ ಸ್ಥಿರಾಂಕ) ಹೋಲಿಸಿ. ಬಣ್ಣವಿಲ್ಲದ ಡೈನೈಟ್ರೋಜನ್ ಟೆಟ್ರಾಕ್ಸೈಡ್‌ನ ಒಂದು ಅಣು ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್‌ನ ಎರಡು ಅಣುವಾಗುವ ಸಮತೋಲನದ ಗಾತ್ರವನ್ನು ಅರ್ಧಕ್ಕೆ ಇಳಿಸಿದರೆ ಎರಡೂ ಸಾರತೆಗಳು ಇಮ್ಮಡಿ. ಕ್ಯೂನಲ್ಲಿ ಮೇಲೆ ವರ್ಗವಿರುವುದರಿಂದ 4, ಕೆಳಗೆ 2. ಕ್ಯೂ ಈಗ ಕೆಯ ಎರಡರಷ್ಟು, ಕ್ರಿಯೆ ಎಡಕ್ಕೆ. ಒತ್ತಿದ ಕೂಡಲೇ ಬಣ್ಣ ಗಾಢವಾಗಿ, ಆಮೇಲೆ ಸ್ವಲ್ಪ ತಿಳಿಯಾಗುತ್ತದೆ, ಆದರೆ ಮೊದಲಿನಷ್ಟು ತಿಳಿಯಾಗುವುದಿಲ್ಲ. ಈ ಕೊನೆಯ ಮಾತನ್ನು ಕ್ಯೂ ಬಳಸದೆ ಸಮರ್ಥಿಸಲು ಹೋದವರು ತಡವರಿಸುತ್ತಾರೆ. ಗಾತ್ರ ಬದಲಿಸದೆ ಹೀಲಿಯಂ ತುಂಬಿದರೆ ಒಟ್ಟು ಒತ್ತಡ ಏರಿದರೂ ಎರಡರ ಸಾರತೆಯೂ ಬದಲಾಗಿಲ್ಲ, ಕ್ಯೂ ಬದಲಾಗಿಲ್ಲ, ಸಮತೋಲನ ಅಲುಗುವುದಿಲ್ಲ.

ಗುಂಪಿನಲ್ಲಿ ಹಾಳೆ ಬದಲಿಸಿಕೊಂಡು, ಇನ್ನೊಬ್ಬರ ಉತ್ತರದಲ್ಲಿ ಕಣದ ಹೆಸರು, ಬಲದ ಹೆಸರು, ಹೋಲಿಕೆ ಈ ಮೂರರ ಅಡಿಗೆ ಗೆರೆ ಎಳೆಯಿರಿ. ಗೆರೆ ಎಳೆಯಲು ಜಾಗ ಸಿಗದ ಉತ್ತರವನ್ನು ಬರೆದವರೇ ಮತ್ತೆ ಬರೆಯಲಿ.

ಪ್ರಶ್ನೆ: ಏನನ್ನು ಬಾಯಿಪಾಠ ಮಾಡಲೇಬೇಕು?

ಉತ್ತರ: ಬಹುಪರಮಾಣು ಅಯಾನುಗಳ ಹೆಸರು ಮತ್ತು ಆವೇಶ, ಬಲವಾದ ಆಮ್ಲ-ಪ್ರತ್ಯಾಮ್ಲಗಳು, ಕರಗುವ ನಿಯಮಗಳಲ್ಲಿ ಮುಖ್ಯವಾದವು: ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಲವಣಗಳು ಮತ್ತು ನೈಟ್ರೇಟ್‌ಗಳೆಲ್ಲ ಕರಗುತ್ತವೆ ಎಂಬಂಥವು. ಪರೀಕ್ಷೆಯ ಹಾಳೆಯಲ್ಲಿ ಕೊಡುವ ಸೂತ್ರಗಳಿಗೆ ಆ ಸಮಯ ಹಾಕಬೇಡಿ. ಹಾಳೆಯಲ್ಲಿ ಯಾವುದು ಎಲ್ಲಿದೆ ಎಂಬುದು ಗೊತ್ತಿದ್ದರೆ ಸಾಕು.

ಪ್ರಶ್ನೆ: ಕೊನೆಯ ಎರಡು ವಾರ ಗುಂಪು ಏನು ಮಾಡಬೇಕು?

ಉತ್ತರ: ಹೊಸ ಪಾಠ ತೆಗೆಯಬೇಡಿ. ಪೂರ್ತಿ ಪ್ರಶ್ನೆಪತ್ರಿಕೆಯನ್ನು ಪರೀಕ್ಷೆಯ ಅವಧಿಯಲ್ಲೇ, ಒಂದೇ ಕೋಣೆಯಲ್ಲಿ ದೂರ ದೂರ ಕೂತು ಬರೆಯಿರಿ. ಒಟ್ಟು ನಿಮಿಷಗಳನ್ನು ಒಟ್ಟು ಅಂಕಗಳಿಂದ ಭಾಗಿಸಿ ಒಂದು ಅಂಕಕ್ಕೆ ಎಷ್ಟು ಸಮಯ ಎಂದು ಮೊದಲೇ ತಿಳಿದಿರಿ. ನಾಲ್ಕು ಅಂಕದ ಪ್ರಶ್ನೆ ಅದರ ಪಾಲಿನ ಸಮಯ ದಾಟಿದರೆ ಜಾಗ ಬಿಟ್ಟು ಮುಂದೆ ಹೋಗಿ. ಮೊದಲ ಭಾಗ ಬರಲಿಲ್ಲವೆಂದು ಇಡೀ ಪ್ರಶ್ನೆ ಬಿಡುವುದು ನಷ್ಟ. "ಮೊದಲ ಭಾಗದ ಉತ್ತರ 0.020 ಮೋಲ್ ಎಂದು ಇಟ್ಟುಕೊಂಡರೆ" ಎಂದು ಬರೆದು ಮುಂದಿನ ಭಾಗ ಮಾಡಿ. ಅನೇಕ ಪರೀಕ್ಷೆಗಳಲ್ಲಿ ಮುಂದಿನ ಹೆಜ್ಜೆ ಸರಿಯಿದ್ದರೆ ಅದರ ಅಂಕ ಸಿಗುತ್ತದೆ.

ಮರುದಿನ ಹಾಳೆ ಬದಲಿಸಿಕೊಂಡು ಅಂಕ ಹಾಕಿ, ಹೋದ ಪ್ರತಿ ಅಂಕಕ್ಕೂ ಪಕ್ಕದಲ್ಲಿ ಕಾರಣ ಬರೆಯಿರಿ: ಗೊತ್ತಿರಲಿಲ್ಲ, ಪ್ರಶ್ನೆ ಸರಿಯಾಗಿ ಓದಲಿಲ್ಲ, ಏಕಮಾನ ತಪ್ಪಿತು, ಹೆಜ್ಜೆ ಬರೆಯಲಿಲ್ಲ, ಸಮಯ ಸಾಲಲಿಲ್ಲ. ಗೊತ್ತಿರಲಿಲ್ಲ ಎಂಬುದಕ್ಕೆ ಪಾಠ ಓದಬೇಕು, ಏಕಮಾನ ತಪ್ಪಿದವರಿಗೆ ಪಾಠ ಓದಿ ಉಪಯೋಗವಿಲ್ಲ. ಅವರು ಪ್ರತಿ ಸಂಖ್ಯೆಯ ಪಕ್ಕ ಏಕಮಾನ ಬರೆದು ಹೊಡೆದುಹಾಕುತ್ತ ಹತ್ತು ಲೆಕ್ಕ ಮಾಡಬೇಕು. ಪರೀಕ್ಷೆಗೆ ಒಯ್ಯುವ ಕ್ಯಾಲ್ಕುಲೇಟರನ್ನೇ ಈ ಎರಡೂ ವಾರ ಬಳಸಿ, ಋಣ ಘಾತಗಳನ್ನು ಅದರಲ್ಲಿ ಒತ್ತುವ ಕ್ರಮ ಎಲ್ಲರಿಗೂ ಗೊತ್ತಿದೆಯೇ ಎಂದು 1.8 × 10⁻⁵ರ ಲಾಗ್ ತೆಗೆದು ನೋಡಿ: −4.74 ಬರಬೇಕು.